ರಾಜ ಒಲ್ಲದ ಮದುವೆ

ಮೈ ಡಿಯರ್ ವೈಫ್,

ನೀನು ಹೋದಮೇಲೆ ಇದೇ ನನ್ನ ಮೊದಲ ನಾಟಕ. ನಾನೇ ರಾಜ, ನಗಬೇಡ. ಒಲ್ಲದ ರಾಜಕುಮಾರಿಯನ್ನು ಬಲವಂತವಾಗಿ ಮದುವೆಯಾಗುವ ಮುದುಕ. ಕಿರೀಟ ಎರಡು ಸಲ ಜಾರಿ ಮೂಗಿನ ಮೇಲೆ ಕೂತಿತು, ದಟ್ ಈಸ್ ಅನದರ್ ಮ್ಯಾಟರ್. ಹಾರ ಹಿಡಿದು ನಿಂತಾಗ ಮುಂದಿನ ಮಾತೇ ಮರೆತುಹೋಯಿತು. ರಾಜಕುಮಾರಿ, ಅಂದರೆ ಔಷಧಿ ಅಂಗಡಿಯವರ ಮಗಳು, "ಅಂಕಲ್, ಏನಾದ್ರೂ ಹೇಳಿ" ಎಂದು ಪಿಸುಗುಟ್ಟಿದಳು.

"ಬೇಡಮ್ಮಾ, ನಂಗೆ ಮದುವೆಯಾಗಿದೆ. ಮನೇಲಿ ಕಾಯ್ತಾ ಇರ್ತಾಳೆ" ಎಂದುಬಿಟ್ಟೆ.

ಜನ ಬಿದ್ದು ಬಿದ್ದು ನಕ್ಕರು. ನಿರ್ದೇಶಕ ಪರದೆ ಎಳೆಸಿ, "ರೀ ಸ್ವಾಮೀ, ಇನ್ನೂ ಎರಡು ಅಂಕ ಬಾಕಿ ಇತ್ತಲ್ರೀ!" ಎಂದು ತಲೆ ಚಚ್ಚಿಕೊಂಡ.

ನಲವತ್ತು ವರ್ಷ ನಾಟಕ ನಾಟಕ ಎಂದು ಹೊತ್ತು ಮೀರಿ ಬರುತ್ತಿದ್ದವನು ಇವತ್ತು ಬೇಗ ಮನೆಗೆ ಬಂದೆ ಕಣೇ. ಬೀಗ ನಾನೇ ತೆಗೆದೆ.