ಒಂಬತ್ತು ದಿನದ ಸ್ಲ್ಯಾಬು

ಕಂಟ್ರಾಕ್ಟರ್ ಅಣ್ಣನಿಗೆ,

ಫೋನ್ ಮಾಡಿದರೆ ಕಟ್ ಮಾಡುತ್ತೀಯ, ಅದಕ್ಕೇ ಚೀಟಿ ಕಳಿಸಿದ್ದೇನೆ. ಪೂರ್ತಿ ಓದು.

ಹಾಲ್ ಮೇಲಿನ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕಿ ಇವತ್ತಿಗೆ ಒಂಬತ್ತೇ ದಿನ. ದಿನಾ ಮೂರು ಹೊತ್ತು ಅದಕ್ಕೆ ನೀರು ಹಾಕಿದವಳು ನಾನು, ನನಗೆ ಲೆಕ್ಕ ತಪ್ಪುವುದಿಲ್ಲ. ಇಪ್ಪತ್ತೊಂದು ದಿನ ಆಸರೆ ಕಂಬ ತೆಗೆಯಬಾರದೆಂದು ಹೇಳಿಕೊಟ್ಟವನು ನೀನೇ. ಈಗ ಕಾಂಕ್ರೀಟ್ ಹಾಕುವ ಮುಂಚೆ ಅದರಡಿಗೆ ಹಲಗೆ ಬಡಿದ ದಿನದಿಂದ ಎಣಿಸಿ, ಮನೆ ಕಟ್ಟಿಸುವವರಿಗೆ ಇಪ್ಪತ್ತೊಂದಾಯಿತು ಎಂದು ಹೇಳಿ, ಹಲಗೆ, ಕಂಬಗಳನ್ನೆಲ್ಲ ಬಿಚ್ಚಿ ನೀನು ಹೊಸದಾಗಿ ಹಿಡಿದಿರುವ ಅಂಗಡಿ ಕಟ್ಟಡಕ್ಕೆ ಸಾಗಿಸಿದ್ದೀಯ. ಗಟ್ಟಿಯಾಗಬೇಕಾದದ್ದು ಹಲಗೆಯೇನು?

ಬೆಳಿಗ್ಗೆ ತಲೆಯೆತ್ತಿ ನೋಡಿದರೆ ಹಾಲ್ ನಡುವೆ, ಗೋಡೆಯಿಂದ ಗೋಡೆಗೆ, ಕೂದಲೆಳೆಯಷ್ಟು ಬಿರುಕು. ನಿನ್ನ ಮೇಸ್ತ್ರಿಗೆ ತೋರಿಸಿದೆ. "ಅಕ್ಕಾ, ನಿಮಗೆ ಯಾವಾಗ್ಲೂ ಎದೆ ಢವಢವ. ಪ್ಲಾಸ್ಟರ್ ಮಾಡಿದ್ರೆ ಮುಚ್ಚಿ ಹೋಗುತ್ತೆ ಬಿಡಿ" ಅಂದ. ಆ ಪ್ಲಾಸ್ಟರ್ ಮಾಡಲು ಅದರ ಕೆಳಗೆ ನಿಲ್ಲಬೇಕಾದವರು ನನ್ನ ಗಂಡ.

ನಾನು ಅಂಜುಬುರುಕಿ, ಒಪ್ಪಿದೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೂ ಯಾರನ್ನೂ ಒಳಗೆ ಬಿಡದೆ ಬಾಗಿಲಲ್ಲಿ ಅಡ್ಡ ಕೂತಿದ್ದೇನೆ. ನನ್ನ ಗಂಡ ಹೊರಗೆ ನಿಂತು ನನ್ನನ್ನೇ ಬೈಯುತ್ತಿದ್ದಾರೆ. ಬೈಯಲಿ, ಬೈಯಲು ಜೀವ ಇದೆಯಲ್ಲ.

ಮಧ್ಯಾಹ್ನದೊಳಗೆ ಕಂಬಗಳನ್ನು ವಾಪಸ್ ತಾ. ಮೊದಲನೇ ಕಂಬವನ್ನು ನೀನೇ ಹೊತ್ತು ಒಳಗೆ ಹೋಗಿ ನಿಲ್ಲಿಸು. ಒಳಗೆ ಹೋಗಲು ಕಾಲು ಬರದಿದ್ದರೆ, ಯಾಕೆ ಬರಲಿಲ್ಲ ಎಂದು ಹೊರಗೆ ನಿಂತಿರುವ ಈ ಕೆಲಸದವರೆಲ್ಲರ ಎದುರು ಬಾಯಿಬಿಟ್ಟು ಹೇಳು.

ಬಾಗಿಲಲ್ಲಿ ಕೂತಿರುವ
ನಿನ್ನ ತಂಗಿ