ಅಮ್ಮ ಬಿಟ್ಟ ಹಾಲು

ಪ್ರೀತಿಯ ಅಕ್ಕ,

ಸೊಂಟ ಮುರಿದು ಮಲಗಿದ್ದರೂ ಅಮ್ಮ ಹಾಲು ಮುಟ್ಟುತ್ತಿಲ್ಲ ಎಂದು ಬರೆದಿದ್ದೀಯ. “ಚಿಕ್ಕವಳೇ ಕುಡಿಯೋ ಹಾಗಿಲ್ಲ ಅಂದ್ಮೇಲೆ, ನನ್ನ ಗಂಟಲಲ್ಲಿ ಹೇಗೆ ಇಳಿಯುತ್ತೆ?” ಅಂತಾಳಂತೆ. ನಾನು ಬಿಟ್ಟಂದಿನಿಂದ ತಾನೂ ಬಿಟ್ಟಿದ್ದಳಂತೆ.

ನನಗೆ ಯಾವ ಕಾಯಿಲೆಯೂ ಇಲ್ಲ, ಅಕ್ಕ. ಕರುವಿನ ಪಾಲು ನನಗೆ ಬೇಡವೆನಿಸಿತ್ತು, ಅಷ್ಟೇ. ಹಾಗೆ ಹೇಳಿದರೆ ಅಮ್ಮ ನೊಂದುಕೊಳ್ಳುತ್ತಾಳೆಂದು, ಡಾಕ್ಟರು ಹಾಲು ಬೇಡವೆಂದಿದ್ದಾರೆ ಎಂದು ಸುಳ್ಳು ಹೇಳಿದೆ. ಅದು ದಯೆಯೋ ಹೇಡಿತನವೋ, ಆರು ವರ್ಷವಾದರೂ ತಿಳಿದಿಲ್ಲ.

ಈ ಪರದೇಶದಲ್ಲಿ, ಹಾಲು, ಬೆಣ್ಣೆ, ಮೊಟ್ಟೆ ಬೇಡವೆಂದು ಇಲ್ಲಿನ ಭಾಷೆಯಲ್ಲಿ ಬರೆಸಿದ ಚೀಟಿ ತೋರಿಸಿ, ಹದಿನೈದು ದಿನದಿಂದ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ತಿನ್ನುತ್ತಿದ್ದೇನೆ. ಇವತ್ತು ಚೀಟಿ ತೋರಿಸಲಿಲ್ಲ. ಒಂದು ಲೋಟ ಹಾಲು ಕೇಳಿ ಕುಡಿದೆ.

ಹಾಲು ಕುಡಿಯಲು ಡಾಕ್ಟರು ಒಪ್ಪಿದರಂತೆ, ತಂಗಿ ಲೋಟ ಖಾಲಿ ಮಾಡಿದಳಂತೆ ಎಂದು ಅಮ್ಮನಿಗೆ ಹೇಳು. ಎರಡನೆಯ ಮಾತಾದರೂ ನಿಜ.

ನಿನ್ನ ತಂಗಿ