ವಾಸನೆ ಬಾರದ ಪರೀಕ್ಷಕಿ

ಮಾರ್ಚ್ 4, ಮಧ್ಯಾಹ್ನ

ನಲವತ್ತೊಂದು ಪೆಟ್ಟಿಗೆ. ಮೂವತ್ತೆಂಟು ಪಾಸ್, ಮೂರು ವಾಪಸ್. ಪೊಂಪಾನೊ ಮೀನೆಲ್ಲ ಫಳಫಳ. ಕೈಕೊಟ್ಟದ್ದು ಅದರ ದಾಯಾದಿ ಟ್ರೆವಲಿ. ಪ್ರತಿ ಪೆಟ್ಟಿಗೆಗೂ ಬಗ್ಗಿ ಮೂಸಿದೆ — ನಾಟಕಕ್ಕೆ. ಜ್ವರ ಬಿಟ್ಟು ಹತ್ತೊಂಬತ್ತು ದಿನವಾಯಿತು, ಮೂಗಿಗೆ ಇನ್ನೂ ಏನೂ ಬರುತ್ತಿಲ್ಲ. ಮೀನೂ ಒಂದೇ, ಫಿನಾಯಿಲೂ ಒಂದೇ.

ಹದಿನಾರು ವರ್ಷದಿಂದ ಈ ಫ್ಯಾಕ್ಟರಿಗೆ ಬರುವ ಮೀನೆಲ್ಲ ನನ್ನ ಮೇಜು ದಾಟಿಯೇ ಒಳಗೆ ಹೋಗಿದೆ. ವಿಷಯ ಹೊರಬಿದ್ದರೆ ಪ್ಯಾಕಿಂಗಿಗೆ ತಳ್ಳುತ್ತಾರೆ. ದಿನವಿಡೀ ರಟ್ಟಿನ ಡಬ್ಬಕ್ಕೆ ಟೇಪ್ ಅಂಟಿಸುತ್ತ ಕೂರಬೇಕು. ನನ್ನಿಂದಾಗದು. ಕೂರುವುದೂ ಇಲ್ಲ.

ಮಾರ್ಚ್ 5

ಅತ್ತೆಗೆ ಗೊತ್ತಾಯಿತು. ಹಾಲು ತಳ ಹತ್ತಿ ಮನೆಯೆಲ್ಲ ಸೀದ ವಾಸನೆಯಂತೆ. ನಾನು ಒಲೆಗೆ ಬೆನ್ನು ಹಾಕಿ ನಿಶ್ಚಿಂತೆಯಿಂದ ಈರುಳ್ಳಿ ಹೆಚ್ಚುತ್ತಿದ್ದೆ. ಬಯ್ಯಲಿಲ್ಲ. ಒಲೆ ಆರಿಸಿ ನನ್ನ ಮುಖ ನೋಡಿದರು.

"ಎಷ್ಟು ದಿನದಿಂದ?"

ಹೇಳಿದೆ. ಹೇಳುವಾಗ ಅಳು ಬಂತು, ಥೂ.

"ಮೂಗು ಹೋದ್ರೆ ಹೋಯ್ತು, ಹತ್ತು ಬೆರಳಿವೆಯಲ್ಲ. ನೆಗಡಿ ಅಂತ ನಾನ್ಯಾವತ್ತಾದ್ರೂ ಬುಟ್ಟಿ ಇಳಿಸಿದ್ದೀನಾ?"

ಮೂವತ್ತು ವರ್ಷ ಬೀದಿ ಬೀದಿ ಸುತ್ತಿ ಮೀನು ಮಾರಿದವರು. ಅವರ ಮಾತಿಗೆ ಎದುರಾಡುವಂತಿಲ್ಲ.

ಮಾರ್ಚ್ 11

ಬರೆಯಲು ಪುರುಸೊತ್ತಿಲ್ಲ. ಸಂಜೆಯಾದರೆ ಅಡುಗೆಮನೆಯೇ ಶಾಲೆ. ಅತ್ತೆ ಎರಡು ಪೊಂಪಾನೊ ತರುತ್ತಾರೆ — ಒಂದು ಅಂದಿನದು, ಒಂದು ಹಿಂದಿನ ದಿನದ್ದು. ನನ್ನ ಕಣ್ಣಿಗೆ ಟವೆಲ್ ಕಟ್ಟುತ್ತಾರೆ. ಹೊಟ್ಟೆ ಒತ್ತಬೇಕು, ಗುಂಡಿ ಬಿದ್ದು ಮೇಲೇಳುತ್ತದೋ ಇಲ್ಲವೋ. ಕಿವಿರಿನ ಲೋಳೆಯನ್ನು ಎರಡು ಬೆರಳ ನಡುವೆ ತಿಕ್ಕಬೇಕು, ಜಾರುತ್ತದೋ ಅಂಟುತ್ತದೋ. ಮೊದಲ ದಿನ ಮೂರು ಸಲ ತಪ್ಪಿದೆ. "ಸೊಸೆ ಅಂತ ಮಾರ್ಕ್ಸ್ ಹಾಕಲ್ಲ ನಾನು," ಎಂದರು.

ಇಂದು ಒಂದೂ ತಪ್ಪಿಲ್ಲ. ನಮ್ಮವರು ಬಾಗಿಲಲ್ಲಿ ನಿಂತು "ಊಟ ಯಾವಾಗ?" ಎಂದರು. ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ಗದರಿದೆವು. ಪಾಪ, ಹೋಗಿ ಟಿವಿ ಹಾಕಿಕೊಂಡರು.

ಮಾರ್ಚ್ 14, ಸಂಜೆ 6

ಬರೆದೇಬಿಡುತ್ತೇನೆ.

ಬೆಳಿಗ್ಗೆ ಅರವತ್ತು ಪೆಟ್ಟಿಗೆ ಟ್ರೆವಲಿ. ಐಸ್ ಹೊಸದು, ಅಂಚು ಇನ್ನೂ ಚೂಪಾಗಿತ್ತು. ಮೀನಿನ ಕಣ್ಣು ಮಾತ್ರ ಒಳಗೆ ಕುಸಿದಿದೆ. ಕಿವಿರನ್ನು ಯಾರೋ ಚೆನ್ನಾಗಿ ತೊಳೆದಿದ್ದಾರೆ, ಲೋಳೆಯೇ ಇಲ್ಲ. ಒತ್ತಿದರೆ ಗುಂಡಿ ಹಾಗೇ ಉಳಿಯಿತು. ದಾರಿಯಲ್ಲೆಲ್ಲೋ ಬಿಸಿಲಿಗೆ ಬಿದ್ದು, ಆಮೇಲೆ ಐಸ್ ಕಂಡ ಮಾಲು. ಪೂರ್ತಿ ವಾಪಸ್ ಎಂದೆ.

ಮ್ಯಾನೇಜರ್ ತಾನೇ ಬಗ್ಗಿ ಮೂಸಿದ. ಎಲ್ಲದರಲ್ಲೂ ಮೂಗು ತೂರಿಸುವ ಮನುಷ್ಯ, ಇದನ್ನು ಬಿಟ್ಟಾನೆಯೇ.

"ಏನೂ ವಾಸನೆ ಇಲ್ವಲ್ಲಮ್ಮ. ಕಂಟೇನರ್ ಕಾಯ್ತಾ ಇದೆ."

"ಇದು ಹೋಗೋ ಹಾಗಿಲ್ಲ, ಸರ್."

ಆಗ ಎಲ್ಲರಿಗೂ ಕೇಳುವಂತೆ ಹೇಳಿದ: "ನಿಮಗೆ ವಾಸನೆನೇ ಬರಲ್ವಂತೆ? ಮೊನ್ನೆ ಕ್ಯಾಂಟೀನಲ್ಲಿ ಎಲ್ಲರೂ ಹಳಸಿದೆ ಅಂತ ಚೆಲ್ಲಿದ ಸಾರನ್ನ ನೀವೊಬ್ಬರೇ ಉಂಡ್ರಂತೆ?"

ಹದಿನೆಂಟು ಜನ ಕೆಲಸ ನಿಲ್ಲಿಸಿ ನೋಡುತ್ತಿದ್ದಾರೆ. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

"ಹೌದು, ಬರಲ್ಲ. ಮೀನೂ ಕೆಟ್ಟಿದೆ. ಎರಡೂ ನಿಜ."

ಸಹಿ ಹಾಕಲಿಲ್ಲ. ನನ್ನ ಸಹಿಯಿಲ್ಲದೆ ಮಾಲು ಅಲ್ಲಾಡುವಂತಿಲ್ಲ. ಹಾಗಾಗಿ ಮೀನು ಲ್ಯಾಬಿಗೆ, ವರದಿ ಬರುವವರೆಗೆ ನಾನು ಮನೆಗೆ.

ಭಯವಾಗುತ್ತಿದೆ. ಅರವತ್ತು ಪೆಟ್ಟಿಗೆ. ಬೆರಳು ಮೋಸ ಮಾಡಿದ್ದರೆ... ಇಲ್ಲ. ಗುಂಡಿ ಏಳಲಿಲ್ಲ. ಏಳಲಿಲ್ಲ ಅಂದರೆ ಏಳಲಿಲ್ಲ.

ಮಾರ್ಚ್ 18

ಫ್ಯಾಕ್ಟರಿಯಿಂದ ಫೋನಿಲ್ಲ. ಕಪಾಟು ಎರಡು ಸಲ ಒರೆಸಿದೆ. ನಾನು ನೋಡದಾಗ ಅತ್ತೆ ನನ್ನ ಫೋನ್ ಎತ್ತಿ ನೋಡಿ ಇಡುತ್ತಾರೆ.

ಮಾರ್ಚ್ 19, ಬೆಳಿಗ್ಗೆ 11.20

ಕರೆಸಿದರು. ಲ್ಯಾಬಿನ ಮೇಡಂ ಗೇಟಿನಲ್ಲೇ ಹಿಡಿದು ನಿಲ್ಲಿಸಿದರು. "ಹಿಸ್ಟಮೈನ್, ಬಿಸಿಲಿಗೆ ಬಿದ್ದ ಮೀನಲ್ಲಿ ಹುಟ್ಟೋ ವಿಷ, ಮಿತಿಗಿಂತ ಮೂರು ಪಟ್ಟು. ತಿಂದವರು ಆಸ್ಪತ್ರೆ ಸೇರ್ತಿದ್ರು. ಇದಕ್ಕೆ ವಾಸನೆ ಇರಲೇಬೇಕು ಅಂತಿಲ್ಲ ಕಣ್ರೀ, ಯಾರ ಮೂಗಿಗೂ ಸಿಗ್ತಿರ್ಲಿಲ್ಲ."

ಗೆದ್ದೆ. ಅಲ್ಲೇ ಕುಣಿಯಬೇಕೆನಿಸಿತು.

ಮ್ಯಾನೇಜರ್ ಕುರ್ಚಿ ಕೊಟ್ಟ, ಟೀ ತರಿಸಿದ. ಮೇಜು ನಿಮ್ಮದೇ ಎಂದ. ಆಮೇಲೆ ಟೈಪ್ ಮಾಡಿದ ಕಾಗದವೊಂದನ್ನು ಮುಂದೆ ಸರಿಸಿದ. 'ನನ್ನ ಘ್ರಾಣಶಕ್ತಿ ಸಂಪೂರ್ಣವಾಗಿ ಮರಳಿದೆ.'

"ಫೈಲಿಗೆ ಅಷ್ಟೇ. ಒಂದು ಸಹಿ ಹಾಕಿಬಿಡಿ. ಯಾರು ಮೂಸಿ ನೋಡ್ತಾರೆ?"

ಕೆಟ್ಟ ಮೀನಿಗೆ ಸಹಿ ಹಾಕದವಳು ಕೆಟ್ಟ ಕಾಗದಕ್ಕೆ ಹಾಕುತ್ತೇನೆಯೇ? 'ಮರಳಿದೆ' ಎಂಬುದರ ಮೇಲೆ ಗೀಟೆಳೆದೆ. 'ಮರಳಿಲ್ಲ. ಮೀನು ನೋಡಲು ಬರುತ್ತದೆ' ಎಂದು ಬರೆದು, ಅದರ ಕೆಳಗೆ ಸಹಿ ಮಾಡಿದೆ.

"ಇದು ಮೇಲಕ್ಕೆ ಹೋದ್ರೆ ನಿಮ್ಮನ್ನ ಉಳಿಸ್ಕೊಳ್ತಾರೆ ಅಂತ ನಾನು ಹೇಳಕ್ಕಾಗಲ್ಲ."

"ಕಳಿಸಿ, ಸರ್."

ಟೀ ಪೂರ್ತಿ ಕುಡಿದೇ ಎದ್ದೆ.

11.50

ಮೇಲಿನವರ ಉತ್ತರ ಯಾವಾಗಲಾದರೂ ಬರಲಿ. ಅಲ್ಲಿಯವರೆಗೆ ಈ ಮೇಜಿನಿಂದ ಕದಲುವುದಿಲ್ಲ. ಬಂದ ಮೇಲೂ ಸುಮ್ಮನೆ ಏಳುವವಳಲ್ಲ. ಲಾರಿ ಬಂತು. ಪೊಂಪಾನೊ, ಇಪ್ಪತ್ತು ಪೆಟ್ಟಿಗೆ. ಹದಿನೆಂಟು ಜನರೂ ನನ್ನ ಮೂಗನ್ನೇ ನೋಡುತ್ತಿದ್ದಾರೆ. ನೋಡಲಿ. ಮೊದಲ ಪೆಟ್ಟಿಗೆಯ ಮುಚ್ಚಳ ತೆಗೆದರು. ಪೆನ್ ಇಡುತ್ತೇನೆ, ಮೇಲಿನ ಮೀನಿನ ಹೊಟ್ಟೆ ಒತ್ತಬೇಕು.